ಹಿರೋಶಿಮಾ ಕಾರ್ಪ್ ತಂಡದ ಸಾಚಿಯೋ ಕಿನುಗಾಸಾ: ಬಿಡದೆ ಆಡಿದ 2215 ಪಂದ್ಯಗಳನ್ನು ಹೇಗೆ ಅಳೆಯಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕ್ರಿಕೆಟ್ಟನ್ನೇ ನೋಡುತ್ತ ಬೆಳೆದ ನನಗೆ ಬೇಸ್‌ಬಾಲ್ ಪರಿಚಯವಾದದ್ದು ಈಚೆಗೆ. ಅಮೆರಿಕದ ಲೀಗ್‌ನಲ್ಲಿ ಆಡುವ ಜಪಾನಿ ಆಟಗಾರರನ್ನು ನೋಡುತ್ತ ನೋಡುತ್ತ, ಅವರ ಹಿಂದಿನ ತಲೆಮಾರುಗಳ ಬಗ್ಗೆ ಓದತೊಡಗಿದೆ. ಹಾಗೆ ಓದುವಾಗ ಎದುರಾದ ಹೆಸರು ಸಾಚಿಯೋ ಕಿನುಗಾಸಾ ಅವರದು. ಹಿರೋಶಿಮಾ ಕಾರ್ಪ್ ಎಂಬ ಒಂದೇ ತಂಡಕ್ಕೆ 1965ರಿಂದ 1987ರವರೆಗೆ 23 ಋತುಗಳ ಕಾಲ ಆಡಿದ ಇನ್‌ಫೀಲ್ಡರ್ ಇವರು, ಅಂದರೆ ಓಡುವವರು ಮುಟ್ಟಬೇಕಾದ ಬೇಸ್ ಎಂಬ ನೆಲೆಗಳ ಬಳಿ ನಿಂತು ಕಾಯುವ ಆಟಗಾರ. ಮೊದಲು ಒಂದನೆಯ ಬೇಸ್, ಆಮೇಲೆ ಮೂರನೆಯ ಬೇಸ್ ಕಾದವರು. ಒಂದು ಪಂದ್ಯವನ್ನೂ ತಪ್ಪಿಸದೆ ಸತತವಾಗಿ 2215 ಪಂದ್ಯಗಳನ್ನು ಆಡಿದ ದಾಖಲೆ ಜಪಾನಿನಲ್ಲಿ ಇಂದಿಗೂ ಅವರದೇ.

ನನ್ನನ್ನು ಕಾಡುತ್ತಿರುವ ಸಂದೇಹ ಈ ದಾಖಲೆಯ ಬಗ್ಗೆಯೇ. 1979ರಲ್ಲಿ ಚೆಂಡಿನ ಏಟಿಗೆ ಅವರ ಹೆಗಲಿನ ಹಿಂಬದಿಯ ಮೂಳೆ ಮುರಿಯಿತೆಂದೂ, ಮರುದಿನವೇ ಅವರು ಬ್ಯಾಟ್ ಹಿಡಿದು ಕಣಕ್ಕೆ ಬಂದರೆಂದೂ ಓದಿದ್ದೇನೆ. ಜನ ಇದನ್ನು ಮೆಚ್ಚುಗೆಯಿಂದ ಹೇಳುತ್ತಾರೆ. ನನಗೆ ಮಾತ್ರ ಮೆಚ್ಚಬೇಕೋ ಆತಂಕಪಡಬೇಕೋ ತಿಳಿಯಲಿಲ್ಲ. ಮೂಳೆ ಮುರಿದ ಆಟಗಾರನನ್ನು ಕಣಕ್ಕೆ ಕಳುಹಿಸಿದರೆ ಅದರಿಂದ ತಂಡಕ್ಕೆ ಪ್ರಯೋಜನವೋ ಅಥವಾ ಆಟಗಾರನ ಹೆಸರಿನ ಮುಂದಿನ ಒಂದು ಸಂಖ್ಯೆಗೆ ಮಾತ್ರ ಪ್ರಯೋಜನವೋ? ಜಪಾನಿನಲ್ಲಿ ಆಗ ವರ್ಷಕ್ಕೆ 130 ಪಂದ್ಯಗಳಷ್ಟೇ ನಡೆಯುತ್ತಿದ್ದುದರಿಂದ ಅಮೆರಿಕದ ಸತತ ಪಂದ್ಯಗಳ ದಾಖಲೆಯ ಜೊತೆ ಇದನ್ನು ಹೋಲಿಸಬಾರದು ಎಂಬ ವಾದವನ್ನೂ ಕೇಳಿದ್ದೇನೆ. ಈ ಆಟವನ್ನು ಬಹುಕಾಲದಿಂದ ಬಲ್ಲವರು ಅವರ ಬದುಕನ್ನೂ ಈ ದಾಖಲೆಯನ್ನೂ ಒಟ್ಟಿಗೆ ಇಟ್ಟು ವಿವರಿಸಿದರೆ ಕೃತಜ್ಞನಾಗಿರುತ್ತೇನೆ.

ಮೊದಲ ಉತ್ತರ

ಮಾನ್ಯರೆ, ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರ ಹೇಳುವುದಕ್ಕಿಂತ ಮೊದಲು, ಸತತ ಪಂದ್ಯಗಳ ಈ ಸರಣಿ ಶುರುವಾಗುವ ಮುಂಚಿನ ಕಿನುಗಾಸಾ ಯಾರಾಗಿದ್ದರು ಎಂಬುದನ್ನು ಹೇಳಬೇಕೆನಿಸುತ್ತದೆ. ಉಕ್ಕಿನ ಮನುಷ್ಯ ಎಂಬ ಬಿರುದನ್ನು ಮಾತ್ರ ಕೇಳಿದವರು ಅವರು ಹುಟ್ಟಿನಿಂದಲೇ ಹಾಗಿದ್ದರೆಂದು ಭಾವಿಸುತ್ತಾರೆ. ವಾಸ್ತವ ಹಾಗಿಲ್ಲ.

ಅವರು ಹುಟ್ಟಿದ್ದು 1947ರ ಜನವರಿ 18ರಂದು, ಕ್ಯೋಟೋ ನಗರದಲ್ಲಿ. ಯುದ್ಧದಲ್ಲಿ ಸೋತ ಜಪಾನ್ ಅಮೆರಿಕದ ಸೇನೆಯ ಆಡಳಿತದಲ್ಲಿದ್ದ ಕಾಲವದು. ತಾಯಿ ಜಪಾನಿ, ತಂದೆ ಆಫ್ರಿಕನ್ ಅಮೆರಿಕನ್ ಸೈನಿಕ. ಅಂಥ ಮಕ್ಕಳನ್ನು ಸಮಾಜ ಬೆರಳು ಮಾಡಿ ತೋರಿಸುತ್ತಿದ್ದ ದಿನಗಳಲ್ಲಿ ಅವರು ಬೆಳೆದರು. ಈ ಬಗ್ಗೆ ಅವರು ಸಾರ್ವಜನಿಕವಾಗಿ ಹೆಚ್ಚು ಮಾತನಾಡಿದವರಲ್ಲ. ಜಪಾನಿನ ಪತ್ರಿಕೆಗಳೂ ಅದನ್ನು ಬಹುಮಟ್ಟಿಗೆ ಕೆದಕಲಿಲ್ಲ. ಅವರು ಆಯ್ದುಕೊಂಡ ಆ ಮೌನವನ್ನು ನಾವೂ ಗೌರವಿಸುವುದು ಸರಿ ಎಂದು ನನ್ನ ಅಭಿಪ್ರಾಯ. ಆದರೆ ಮುಂದೆ ಇಡೀ ಊರು ‘ನಮ್ಮವನು’ ಎಂದು ಎದೆಗಪ್ಪಿಕೊಂಡ ಆಟಗಾರನ ಬಾಲ್ಯ ಹೀಗಿತ್ತು ಎಂಬುದು ತಿಳಿಯದಿದ್ದರೆ, ಆ ಅಪ್ಪುಗೆಯ ಬೆಲೆಯೂ ತಿಳಿಯುವುದಿಲ್ಲ.

ಕ್ಯೋಟೋದ ಹೇಯಾನ್ ಪ್ರೌಢಶಾಲೆಯಲ್ಲಿ ಅವರು ಕ್ಯಾಚರ್ ಆಗಿದ್ದರು. ಕ್ರಿಕೆಟ್ ಬಲ್ಲವರು ವಿಕೆಟ್ ಕೀಪರನ ಜಾಗವೆಂದು ತಿಳಿದುಕೊಳ್ಳಬಹುದು. ಜಪಾನಿನ ಶಾಲಾ ಬೇಸ್‌ಬಾಲಿಗೆ ಕೋಶಿಯೆನ್ ಮೈದಾನವೆಂದರೆ ಯಾತ್ರಾಸ್ಥಳವಿದ್ದಂತೆ. 1964ರಲ್ಲಿ ಅಲ್ಲಿ ನಡೆದ ವಸಂತಕಾಲದ ಪಂದ್ಯಾವಳಿಯಲ್ಲಿಯೂ ಬೇಸಿಗೆಯ ಪಂದ್ಯಾವಳಿಯಲ್ಲಿಯೂ ಆಡಿ, ಮರುವರ್ಷ ಹಿರೋಶಿಮಾ ಕಾರ್ಪ್ ಸೇರಿದರು. ಕೈಗೆ ಬಂದ ಹಣದಲ್ಲಿ ದೊಡ್ಡದೊಂದು ಅಮೆರಿಕನ್ ಕಾರು ಕೊಂಡು ಊರೆಲ್ಲ ಸುತ್ತಿದ ಹುಡುಗ ಆತ. ಕ್ಯಾಚರ್ ಆಗಿ ನೆಲೆ ನಿಲ್ಲಲಾಗದೆ ಒಂದನೆಯ ಬೇಸಿಗೆ ಬಂದರು. ಅಲ್ಲಿ ಖಾಯಂ ಸ್ಥಾನ ಸಿಕ್ಕಿದ್ದು 1968ರಲ್ಲಿ. 1970ರಲ್ಲಿ ಜುಂಜೋ ಸೆಕಿನೆ ಎಂಬ ಬ್ಯಾಟಿಂಗ್ ತರಬೇತುದಾರರು ತಂಡಕ್ಕೆ ಬಂದರು. ಕುಡಿದು ಹೊತ್ತು ಮೀರಿ ವಸತಿಗೃಹಕ್ಕೆ ಮರಳಿದ ಕಿನುಗಾಸಾಗಾಗಿ ಸೆಕಿನೆ ನಿದ್ದೆಗೆಟ್ಟು ಕಾದಿದ್ದರು. ಒಂದು ಮಾತೂ ಬೈಯದೆ, ಆ ಸರಿರಾತ್ರಿಯಲ್ಲೇ ಬ್ಯಾಟ್ ಕೈಗೆ ಕೊಟ್ಟು ಬೀಸುವ ಅಭ್ಯಾಸ ಮಾಡಿಸಿದರು. ಈ ಕಥೆಯನ್ನು ಜಪಾನಿನ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಸರಣಿ ಆರಂಭವಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ನನ್ನ ಮಟ್ಟಿಗೆ ಇದು ಆಕಸ್ಮಿಕವಲ್ಲ. ತನಗಾಗಿ ಇನ್ನೊಬ್ಬರು ನಿದ್ದೆಗೆಟ್ಟದ್ದನ್ನು ಕಂಡವನಿಗೆ ಮೈದಾನಕ್ಕೆ ಬರದೆ ಇರುವುದು ಕಷ್ಟವಾಗುತ್ತದೆ.

ತಂಡದ ಸ್ಥಿತಿಯೂ ಆಗ ಶೋಚನೀಯವಾಗಿತ್ತು. ಅಣುಬಾಂಬಿನಿಂದ ನೆಲಸಮವಾದ ಊರಿನಲ್ಲಿ, ದೊಡ್ಡ ಬಂಡವಾಳಗಾರರ ಬೆಂಬಲವಿಲ್ಲದೆ ಕಟ್ಟಿದ ತಂಡ ಕಾರ್ಪ್. 1951ರಲ್ಲಿ ಹಣವಿಲ್ಲದೆ ತಂಡ ಮುಚ್ಚುವ ಹಂತ ತಲುಪಿದಾಗ, ಮೈದಾನದ ಬಾಗಿಲಲ್ಲಿ ಸಾಕೆ ಮದ್ಯದ ಮರದ ಪೀಪಾಯಿಗಳನ್ನಿಟ್ಟು ಜನರಿಂದ ಚಿಲ್ಲರೆ ಕಾಸು ಕೂಡಿಸಿ ಅದನ್ನು ಉಳಿಸಿಕೊಂಡಿದ್ದರು. 1957ರಲ್ಲಿ ಕಟ್ಟಿದ ನಗರದ ಕ್ರೀಡಾಂಗಣ ಬಾಂಬಿಗೆ ಸಿಕ್ಕಿಯೂ ಅಸ್ಥಿಪಂಜರದಂತೆ ಉಳಿದ ಗುಮ್ಮಟದ ಕಟ್ಟಡದ ಎದುರಿಗೇ ಇತ್ತು. ಅಲ್ಲಿನ ಜನ ಕಾಸು ಕೊಟ್ಟು ಉಳಿಸಿಕೊಂಡ ಆ ತಂಡ 1972, 1973, 1974, ಮೂರೂ ವರ್ಷ, ಜಪಾನಿನ ಎರಡು ವೃತ್ತಿಪರ ಲೀಗುಗಳಲ್ಲಿ ಒಂದಾದ ಸೆಂಟ್ರಲ್ ಲೀಗಿನ ಕಟ್ಟಕಡೆಯ ಸ್ಥಾನದಲ್ಲಿತ್ತು. ಕಿನುಗಾಸಾ ಆ ಸೋಲುಗಳಲ್ಲಿಯೂ ಪ್ರತಿದಿನ ಆಡಿದರು ಎಂಬುದನ್ನು ಗಮನಿಸಬೇಕು.

1975ರಲ್ಲಿ ಜೋ ಲುಟ್ಜ್ ಎಂಬ ಅಮೆರಿಕನ್ ಮ್ಯಾನೇಜರ್ (ಪಂದ್ಯದಲ್ಲಿ ತಂಡವನ್ನು ನಡೆಸುವ ಮುಖ್ಯ ತರಬೇತುದಾರ) ಬಂದು ತಂಡದ ಟೋಪಿಯ ಬಣ್ಣವನ್ನು ಕೆಂಪು ಮಾಡಿದರು. ಅಮೆರಿಕದಿಂದ ಬಂದ ಗೇಲ್ ಹಾಪ್ಕಿನ್ಸ್ ಅವರಿಗೆ ಒಂದನೆಯ ಬೇಸ್ ಕೊಡಬೇಕಾಗಿ ಬಂದುದರಿಂದ ಕಿನುಗಾಸಾ ಅವರನ್ನು ಮೂರನೆಯ ಬೇಸಿಗೆ ಕಳುಹಿಸಿದರು. ಹತ್ತು ವರ್ಷ ಆಡಿದ ಮೇಲೆ ಹೊಸ ಜಾಗ ಕಲಿಯುವುದು ಸುಲಭವಲ್ಲ. ಬಲಗೈ ಬ್ಯಾಟರ್ ಎಳೆದು ಹೊಡೆದ ಚೆಂಡು ನೇರವಾಗಿ ನುಗ್ಗುವುದು ಅಲ್ಲಿಗೇ. ಬ್ಯಾಟರ್ ನಿಲ್ಲುವ ಜಾಗದಿಂದ ಮೂರನೆಯ ಬೇಸಿಗೆ ಇರುವ ದೂರ 90 ಅಡಿ ಮಾತ್ರ. ಹಿಡಿದ ಮೇಲೆ ಇಡೀ ಕಣವನ್ನು ಅಡ್ಡಹಾಯುವಂತೆ ಒಂದನೆಯ ಬೇಸಿಗೆ ಎಸೆಯಬೇಕು. ಅಂಪೈರ್ ತೀರ್ಪಿನ ಜಗಳವೊಂದರ ನಂತರ ಲುಟ್ಜ್ ಋತುವಿನ ಆರಂಭದಲ್ಲಿಯೇ ಬಿಟ್ಟು ಹೋದರು. ತಾಕೇಶಿ ಕೋಬಾ ಮ್ಯಾನೇಜರ್ ಆದರು. ಆ ವರ್ಷದ ಅಕ್ಟೋಬರ್ 15ರಂದು ಟೋಕಿಯೋದ ಕೊರಾಕುಯೆನ್ ಮೈದಾನದಲ್ಲಿ ಜೈಂಟ್ಸ್ ತಂಡವನ್ನು ಸೋಲಿಸಿ ಕಾರ್ಪ್ ತನ್ನ ಇತಿಹಾಸದ ಮೊದಲ ಲೀಗ್ ಪ್ರಶಸ್ತಿ ಗೆದ್ದಿತು.

ಉಕ್ಕಿನ ಮನುಷ್ಯ ಎಂಬ ಹೆಸರಿನ ಮೂಲವನ್ನೂ ಹೇಳಿಬಿಡುತ್ತೇನೆ. 1974ರವರೆಗೆ ಅವರ ಅಂಗಿಯ ಸಂಖ್ಯೆ 28 ಆಗಿತ್ತು. ಜಪಾನಿನ ಮಕ್ಕಳಿಗೆಲ್ಲ ಗೊತ್ತಿದ್ದ ಚಿತ್ರಕಥೆಯೊಂದರ ಉಕ್ಕಿನ ಯಂತ್ರಮಾನವನ ಹೆಸರಿನಲ್ಲಿಯೂ 28 ಇತ್ತು. ಹೀಗೆ ಅಂಟಿದ ಹೆಸರು, 1975ರಲ್ಲಿ ಅವರು 3ನೆಯ ಸಂಖ್ಯೆಗೆ ಬದಲಾದ ಮೇಲೂ ಉಳಿಯಿತು. ನಿಜವಾದ ಅರ್ಥ ಆಮೇಲೆ ಬಂತು.

ಎರಡನೆಯ ಉತ್ತರ

ಮೇಲಿನ ಉತ್ತರ ಚೆನ್ನಾಗಿದೆ. ಕೇಳಿದವರು ಹೋಲಿಕೆಯ ವಿಷಯವನ್ನೂ ಎತ್ತಿದ್ದಾರೆ; ಅದಕ್ಕೆ ಉತ್ತರಿಸಬೇಕಾದರೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

1971ರಿಂದ 1987ರವರೆಗೆ 17 ಋತುಗಳು. ಪ್ರತಿ ಋತುವಿಗೆ 130 ಪಂದ್ಯಗಳಂತೆ 2210 ಆಗುತ್ತದೆ. ಅದಕ್ಕೆ 1970ರ ಕೊನೆಯ 5 ಪಂದ್ಯಗಳನ್ನು ಸೇರಿಸಿ, 2215. ಅಂದರೆ ಈ ಸಂಖ್ಯೆ ಎಲ್ಲಿಯೋ ಶುರುವಾಗಿ ಎಲ್ಲಿಯೋ ತುಂಡಾದದ್ದಲ್ಲ. 23ನೆಯ ವಯಸ್ಸಿನಲ್ಲಿ ಒಂದು ಋತುವಿನ ಕೊನೆಯ ವಾರದಲ್ಲಿ ಹಿಡಿದ ದಾರವನ್ನು, 40 ತುಂಬಿದ ಮೇಲೆ ನಿವೃತ್ತಿಯ ದಿನದವರೆಗೆ, ಅಂದರೆ 1987ರ ಅಕ್ಟೋಬರ್ 22ರವರೆಗೆ ಅವರು ಎಲ್ಲಿಯೂ ಕೈಬಿಡಲಿಲ್ಲ. ಗಾಯವಾಗಲಿ ಮ್ಯಾನೇಜರ್ ಆಗಲಿ ಈ ಸರಣಿಯನ್ನು ನಿಲ್ಲಿಸಲಿಲ್ಲ. ಆಟಗಾರ ಆಟವನ್ನು ಬಿಟ್ಟಾಗ ಅದೂ ನಿಂತಿತು.

ಅಮೆರಿಕದ ಲೂ ಗೆರಿಗ್ 1925ರ ಜೂನ್‌ನಿಂದ 1939ರ ಏಪ್ರಿಲ್‌ವರೆಗೆ 2130 ಪಂದ್ಯಗಳನ್ನು ಆಡಿದರು. ಆಗ ಅಲ್ಲಿ ಋತುವಿಗೆ 154 ಪಂದ್ಯಗಳಿದ್ದವು. ಆ ಸಂಖ್ಯೆಯನ್ನು ಕಿನುಗಾಸಾ ದಾಟಿದ್ದು 1987ರ ಜೂನ್ 13ರಂದು. ಮುಂದೆ ಕ್ಯಾಲ್ ರಿಪ್ಕನ್ 1982ರ ಮೇ 30ರಿಂದ 1998ರ ಸೆಪ್ಟೆಂಬರ್‌ವರೆಗೆ 2632 ಪಂದ್ಯಗಳನ್ನು ಆಡಿದರು. 162 ಪಂದ್ಯಗಳ ಋತುವಿನಲ್ಲಿ ಸಂಖ್ಯೆ ಬೇಗ ಏರುತ್ತದೆ. ವರ್ಷಗಳ ಲೆಕ್ಕ ತೆಗೆದರೆ ಗೆರಿಗ್ ಅವರದು ಸುಮಾರು 14 ವರ್ಷ, ರಿಪ್ಕನ್ ಅವರದು 16 ವರ್ಷಕ್ಕೆ ಸ್ವಲ್ಪ ಹೆಚ್ಚು, ಕಿನುಗಾಸಾ ಅವರದು ಪೂರ್ತಿ 17 ವರ್ಷ. ಹಾಗಾಗಿ ‘130 ಪಂದ್ಯಗಳಷ್ಟೇ’ ಎಂಬ ಆಕ್ಷೇಪ ಎರಡೂ ಕಡೆ ಹರಿತವಾದ ಕತ್ತಿ. ವಾರದ ದುಡಿಮೆ ಕಡಿಮೆ ಎನ್ನುವುದು ನಿಜ. ಆದರೆ ಅದೇ ಸಂಖ್ಯೆ ತಲುಪಲು ಇನ್ನೂ ಹಲವು ವರ್ಷ ಮುದುಕಾಗಬೇಕಾಗುತ್ತದೆ ಎನ್ನುವುದೂ ಅಷ್ಟೇ ನಿಜ. ಮೂವತ್ತೈದು ದಾಟಿದ ಮೊಣಕಾಲು, ಸೊಂಟಗಳ ಮೇಲೆ ಇನ್‌ಫೀಲ್ಡಿನಲ್ಲಿ ದಿನವೂ ಬಗ್ಗಿ ಏಳುವುದು ಎಷ್ಟು ಭಾರ ಎಂಬುದನ್ನು ಆಡಿದವರೇ ಬಲ್ಲರು.

ಪ್ರಯಾಣದ ಸಂಗತಿಯನ್ನೂ ಮರೆಯಬಾರದು. ಜಪಾನ್ ಚಿಕ್ಕ ದೇಶ, ಓಡಾಟ ಕಡಿಮೆ ಎಂದು ಸಲೀಸಾಗಿ ಹೇಳುತ್ತಾರೆ. ಆಗ ಸೆಂಟ್ರಲ್ ಲೀಗಿನ ಆರು ತಂಡಗಳಲ್ಲಿ ಮೂರು ಟೋಕಿಯೋ ಸುತ್ತಮುತ್ತಲಿನವು, ಒಂದು ನಗೋಯಾದ್ದು, ಒಂದು ಒಸಾಕಾ ಬಳಿಯದು. ಪಶ್ಚಿಮದ ಅಂಚಿನಲ್ಲಿ ಒಂಟಿಯಾಗಿದ್ದ ಹಿರೋಶಿಮಾದವರು ಎಲ್ಲರಿಗಿಂತ ಹೆಚ್ಚು ದೂರ ಪ್ರಯಾಣ ಮಾಡಬೇಕಾಗಿತ್ತು. ಶಿಂಕಾನ್ಸೆನ್ ಎಂಬ ಅತಿವೇಗದ ರೈಲು ಹಿರೋಶಿಮಾವನ್ನು ಮುಟ್ಟಿದ್ದೇ 1975ರ ಮಾರ್ಚ್‌ನಲ್ಲಿ, ಸರಣಿ ಶುರುವಾಗಿ ನಾಲ್ಕು ಋತುಗಳು ಮುಗಿದ ಮೇಲೆ. ಇನ್ನು ಫೆಬ್ರವರಿ 1ರಿಂದ ಆರಂಭವಾಗುವ ಜಪಾನಿನ ತರಬೇತಿ ಶಿಬಿರ, ಅಲ್ಲಿ ಕೈಕಾಲು ಸೋಲುವವರೆಗೆ ಚೆಂಡು ಹೊಡೆದು ಹಿಡಿಸುವ ಅಭ್ಯಾಸ, ಇವೆಲ್ಲ ಯಾವ ದಾಖಲೆಯಲ್ಲಿಯೂ ಎಣಿಕೆಯಾಗುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಒಂದು ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಪಂದ್ಯದ ಕೊನೆಗೆ ಬದಲಿ ಬ್ಯಾಟರ್ ಆಗಿ ಒಮ್ಮೆ ಬಂದು ಹೋದರೂ ಅದು ಆಡಿದ ಪಂದ್ಯವೆಂದೇ ಲೆಕ್ಕ. ಕಿನುಗಾಸಾ ಅವರ 2215ರಲ್ಲಿ ಅಂಥ ದಿನಗಳೂ ಸೇರಿವೆ. ಪಂದ್ಯದ ಒಂಬತ್ತು ಇನಿಂಗ್ಸ್‌ಗಳಲ್ಲಿ ಒಂದನ್ನೂ ಬಿಡದೆ ಸತತವಾಗಿ ಆಡುವ ದಾಖಲೆ ಬೇರೆಯೇ ಇದೆ. ಅದು ಇನ್ನೂ ಕಠಿಣ. ಅದರಲ್ಲಿ ಕಿನುಗಾಸಾ 678 ಪಂದ್ಯಗಳಿಗೆ ನಿಂತರು. ಈಗ ಆ ದಾಖಲೆ 1492 ಪಂದ್ಯಗಳಿಗೆ ಏರಿದೆ. ಅದು ಕಾರ್ಪ್ ತಂಡದಲ್ಲಿ ಬೆಳೆದು ಆಮೇಲೆ ಹಾನ್ಶಿನ್ ತಂಡಕ್ಕೆ ಹೋದ ಹೊರಕಣದ ಆಟಗಾರ ತೊಮೊಆಕಿ ಕಾನೆಮೊಟೊ ಅವರದು. ದಿನಬಿಡದ ದುಡಿಮೆಯೇ ದೊಡ್ಡದೆಂದು ಹೊಗಳುವವರು ಈ ಎರಡನ್ನೂ ಒಂದೇ ಎಂದು ಕಲಸಬಾರದು.

ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಧನ್ಯವಾದಗಳು. 2210ಕ್ಕೆ 5 ಸೇರಿಸಿದರೆ 2215 ಎಂಬ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಆದರೆ ನನ್ನ ಮೊದಲ ಸಂದೇಹ ಇನ್ನೂ ಹಾಗೇ ಇದೆ. ಪ್ರತಿದಿನ ಆಡುವ ಹಟ ಯಾವಾಗ ತಂಡದ ಹಿತವಾಗುತ್ತದೆ, ಯಾವಾಗ ಅದಕ್ಕೆ ವಿರುದ್ಧವಾಗುತ್ತದೆ? 678ರಲ್ಲಿ ಆ ಇನ್ನೊಂದು ಸರಣಿ ನಿಂತದ್ದು ಏಕೆ? ಗಾಯದಿಂದಲೋ?

ಮೂರನೆಯ ಉತ್ತರ

ಕೆಲಸದ ನಿಮಿತ್ತ ಕೆಲವು ವರ್ಷ ಹಿರೋಶಿಮಾದಲ್ಲಿದ್ದವನು ನಾನು. ಕಿನುಗಾಸಾ ಆಡುವುದನ್ನು ನೋಡುವ ಭಾಗ್ಯ ನನಗಿರಲಿಲ್ಲ. ನಾನು ನೋಡಿದ್ದು 2009ರಲ್ಲಿ ಬಂದ ಹೊಸ ಕ್ರೀಡಾಂಗಣವನ್ನು. ಆದರೆ ಹಳೆಯ ಮೈದಾನವಿದ್ದ ಜಾಗದ ಮುಂದೆ ಟ್ರಾಮ್ ಹಾದು ಹೋಗುವಾಗ ವಯಸ್ಸಾದ ಸಹೋದ್ಯೋಗಿಗಳು ಅವರ ಹೆಸರನ್ನು ಎತ್ತದ ದಿನ ಕಡಿಮೆ. ಅವರು ಹೇಳುತ್ತಿದ್ದುದೆಲ್ಲ 1979ರ ಬಗ್ಗೆಯೇ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಆ ಒಂದೇ ವರ್ಷದಲ್ಲಿ ಎಂದು ನಾನೂ ನಂಬುತ್ತೇನೆ.

678ರಲ್ಲಿ ಸರಣಿ ನಿಂತದ್ದು ಗಾಯದಿಂದಲ್ಲ. ಆ ವರ್ಷದ ಆರಂಭದಲ್ಲಿ ಕಿನುಗಾಸಾ ಅವರ ಬ್ಯಾಟಿನಿಂದ ಚೆಂಡು ಹೊರಡುತ್ತಲೇ ಇರಲಿಲ್ಲ. ಎಲ್ಲ ಇನಿಂಗ್ಸ್‌ಗಳನ್ನೂ ಸತತವಾಗಿ ಆಡಿದ ಅಂದಿನ ದಾಖಲೆ ಹಾನ್ಶಿನ್ ತಂಡದ ಹಿದೇಶಿ ಮಿಯಾಕೆ ಅವರ 700 ಪಂದ್ಯಗಳು. ಇನ್ನು 22 ಪಂದ್ಯಗಳಲ್ಲಿ ಅದನ್ನು ಮುಟ್ಟಬಹುದಿತ್ತು. ಆ ಹೊತ್ತಿನಲ್ಲಿ, ಮೇ 28ರಂದು ಒಕಾಯಾಮಾದಲ್ಲಿ ನಡೆದ ಪಂದ್ಯದಲ್ಲಿ, ಕೋಬಾ ಅವರು ಆರಂಭದ ಪಟ್ಟಿಯಿಂದ ಕಿನುಗಾಸಾ ಹೆಸರನ್ನು ತೆಗೆದರು. ಪಂದ್ಯದ ನಡುವೆ ಅವರನ್ನು ಕಣಕ್ಕಿಳಿಸಿದ್ದರಿಂದ ಸತತ ಪಂದ್ಯಗಳ ಎಣಿಕೆ ಉಳಿಯಿತು, ಸತತ ಇನಿಂಗ್ಸ್‌ಗಳ ಎಣಿಕೆ ಮುರಿಯಿತು. ಕೋಬಾ ಮಾಡಿದ್ದು ಸರಿಯೆಂದು ನನ್ನ ಅಭಿಪ್ರಾಯ. ಮ್ಯಾನೇಜರ್ ಆದವನು ತಂಡದ ಗೆಲುವನ್ನು ನೋಡಬೇಕು. ಆಟಗಾರನ ಸಂಖ್ಯೆಯನ್ನು ಕಾಯುವುದು ಅವನ ಕೆಲಸವಲ್ಲ. ಅದರ ಜೊತೆಗೆ, ನೋವು ನುಂಗಿಕೊಂಡು ಮರುದಿನ ಮತ್ತೆ ಅಭ್ಯಾಸಕ್ಕೆ ಬಂದ ಕಿನುಗಾಸಾ ಅವರ ನಡತೆಯನ್ನೂ ನೋಡಬೇಕು. ಆಮೇಲೆ ಉಳಿದ 2215 ಸುಮ್ಮನೆ ಕೊಟ್ಟ ಮರ್ಯಾದೆಯಲ್ಲ ಎಂಬುದಕ್ಕೆ ಈ ಘಟನೆಗಿಂತ ಬೇರೆ ಸಾಕ್ಷಿ ಬೇಡ. ಬೇಡವಾದಾಗ ತೆಗೆಯಬಲ್ಲೆ ಎಂದು ತೋರಿಸಿದ ಮ್ಯಾನೇಜರ್, ಬೇಕಾದಾಗ ಪ್ರತಿದಿನ ಕಣಕ್ಕಿಳಿಸಿದರು.

ಇದಾಗಿ ಎರಡು ತಿಂಗಳಿಗೆ, ಆಗಸ್ಟ್ 1ರಂದು, ಜೈಂಟ್ಸ್ ತಂಡದ ವಿರುದ್ಧ ಹಿರೋಶಿಮಾದಲ್ಲಿ ಆ ಏಟು ಬಿತ್ತು. ಎಸೆದವರು ತಾಕಾಶಿ ನಿಶಿಮೊಟೊ, 23ರ ತರುಣ. ಬಲಗೈ ಬ್ಯಾಟರಿನ ಮೈಕಡೆಗೆ ಹೊರಳಿ ಬರುವ ಎಸೆತ ಅವರ ಆಯುಧ. ಒಳಕ್ಕೆ ತಿರುಗಿದ ಚೆಂಡಿನಿಂದ ತಪ್ಪಿಸಿಕೊಳ್ಳಲು ಬೆನ್ನು ತಿರುಗಿಸಿದಾಗ ಎಡ ಹೆಗಲಿನ ಹಿಂಬದಿಯ ಮೂಳೆಗೆ ಬಡಿಯಿತು. ಎರಡೂ ತಂಡಗಳ ಆಟಗಾರರು ಮೈದಾನಕ್ಕೆ ನುಗ್ಗಿದರು. ಕ್ಷಮೆ ಕೇಳಲು ಹತ್ತಿರ ಬಂದ ನಿಶಿಮೊಟೊ ಅವರಿಗೆ, ನೆಲಕ್ಕೆ ಕುಸಿದಿದ್ದ ಕಿನುಗಾಸಾ, ಇಲ್ಲಿ ಅಪಾಯವಿದೆ, ನೀನು ಹಿಂದಕ್ಕೆ ಹೋಗು ಎಂದರಂತೆ. ಮೂಳೆ ಮುರಿದ ಕ್ಷಣದಲ್ಲಿ ಮುರಿದವನ ಕ್ಷೇಮ ನೆನಪಾಗಬೇಕಾದರೆ ಮನಸ್ಸು ಎಂಥದಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮರುದಿನ ಅವರು ಬದಲಿ ಬ್ಯಾಟರ್ ಆಗಿ ಬಂದರು. ಎದುರಿಗೆ ಸುಗುರು ಎಗಾವಾ, ಆ ವರ್ಷವಷ್ಟೇ ವೃತ್ತಿ ಆರಂಭಿಸಿದ ಅತಿವೇಗದ ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ. ಮೂರು ಎಸೆತ, ಮೂರೂ ಬಾರಿ ಮೈತುಂಬ ಬೀಸಿದ ಬ್ಯಾಟ್, ಚೆಂಡು ತಾಗಲಿಲ್ಲ, ಔಟ್. ಪಂದ್ಯದ ನಂತರ ಅವರು ಹೇಳಿದ್ದು ಜಪಾನಿನಲ್ಲಿ ಮನೆಮಾತಾಗಿದೆ: ಮೊದಲನೆಯದನ್ನು ಅಭಿಮಾನಿಗಳಿಗಾಗಿ ಬೀಸಿದೆ, ಎರಡನೆಯದನ್ನು ನನಗಾಗಿ, ಮೂರನೆಯದನ್ನು ನಿಶಿಮೊಟೊಗಾಗಿ.

ಆ ಮೂರನೆಯದರಲ್ಲಿ ನಿಮ್ಮ ಸಂದೇಹಕ್ಕೆ ನನ್ನ ಉತ್ತರವಿದೆ. ಅಂದು ಕಿನುಗಾಸಾ ಕಣಕ್ಕೆ ಬಾರದಿದ್ದರೆ, ಸಾವಿರಕ್ಕೂ ಮೀರಿದ ಸರಣಿಯನ್ನು ಮುರಿದವನು ಎಂಬ ಹೊರೆ ಆ ತರುಣನ ತಲೆಯ ಮೇಲೆ ಬೀಳುತ್ತಿತ್ತು. ಒಳಕ್ಕೆ ಎಸೆಯಲು ಆತ ಹಿಂಜರಿದಿದ್ದರೆ ಅವನ ವೃತ್ತಿಯೇ ಮುಗಿಯುತ್ತಿತ್ತು. ತಾನು ಬ್ಯಾಟ್ ಬೀಸಬಲ್ಲೆ ಎಂದು ತೋರಿಸಿ ಕಿನುಗಾಸಾ ಅವನನ್ನು ಬಿಡುಗಡೆ ಮಾಡಿದರು. ವೈದ್ಯರ ದೃಷ್ಟಿಯಿಂದ ಅದು ಸರಿಯಲ್ಲ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಮಗ ಹಾಗೆ ಮಾಡಹೊರಟರೆ ತಡೆಯುತ್ತೇನೆ. ಆದರೆ ಅದನ್ನು ಸಂಖ್ಯೆಯ ಆಸೆ ಎಂದು ಕರೆಯಲು ನನಗೆ ಮನಸ್ಸು ಬಾರದು. ವೃತ್ತಿಯುದ್ದಕ್ಕೂ 161 ಬಾರಿ ಅವರಿಗೆ ಚೆಂಡು ಬಡಿಯಿತು. ಎಸೆದವರ ಮೇಲೆ ಕಾದಾಡಲು ಹೋದವರೆಂಬ ಹೆಸರು ಅವರಿಗಿಲ್ಲ.

ಅದೇ ವರ್ಷದ ನವೆಂಬರ್ 4ರಂದು ಒಸಾಕಾದಲ್ಲಿ ಜಪಾನ್ ಸರಣಿಯ, ಅಂದರೆ ಎರಡು ಲೀಗುಗಳ ವಿಜೇತರು ಆಡುವ ಅಂತಿಮ ಹಣಾಹಣಿಯ, ಏಳನೆಯ ಪಂದ್ಯ. ಕಿಂತೆತ್ಸು ತಂಡದ ಎದುರು ಕಾರ್ಪ್ 4-3ರಿಂದ ಮುಂದಿತ್ತು. ಒಂಬತ್ತನೆಯ ಇನಿಂಗ್ಸ್, ಮೂರೂ ಬೇಸಿನಲ್ಲಿ ಎದುರಾಳಿಗಳು, ಒಬ್ಬರೂ ಔಟಾಗಿಲ್ಲ. ಎಸೆಯುತ್ತಿದ್ದವರು ಯುತಾಕಾ ಎನಾತ್ಸು. ಅವರು ಎಸೆಯುತ್ತಿರುವಾಗಲೇ ಬೇರೆ ಪಿಚರ್‌ಗಳು ಸಿದ್ಧರಾಗುತ್ತಿರುವುದು ಅವರ ಕಣ್ಣಿಗೆ ಬಿತ್ತು. ತನ್ನ ಮೇಲೆ ಕೋಬಾ ಅವರಿಗೆ ನಂಬಿಕೆಯಿಲ್ಲ ಎಂದು ಎನಾತ್ಸು ಕುದಿದರು. ಆಗ ಅವರ ಬಳಿಗೆ ನಡೆದು ಹೋದವರು ಕಿನುಗಾಸಾ. ನನಗೂ ನಿನ್ನಂತೆಯೇ ಅನಿಸುತ್ತಿದೆ, ನೀನು ಆಟ ಬಿಟ್ಟರೆ ನಾನೂ ಬಿಡುತ್ತೇನೆ ಎಂಬರ್ಥದ ಮಾತು ಹೇಳಿ ಬಂದರು. ಎನಾತ್ಸು ಶಾಂತರಾದರು; ಒಬ್ಬನನ್ನು ಔಟ್ ಮಾಡಿದರು, ಮೆಲ್ಲಗೆ ತಟ್ಟಿ ಓಟ ಗಳಿಸುವ ಎದುರಾಳಿಯ ಹಂಚಿಕೆಯನ್ನು ಹಿಡಿದುಹಾಕಿದರು, ಕೊನೆಯವನನ್ನೂ ಔಟ್ ಮಾಡಿದರು. ಕಾರ್ಪ್ ಮೊದಲ ಬಾರಿ ಜಪಾನ್ ಚಾಂಪಿಯನ್ ಆಯಿತು. ನಾಯಕನೊಬ್ಬ ತನ್ನನ್ನು ನಂಬದೆ ಇದ್ದಾಗ ಆಗುವ ನೋವು ಮೇ 28ರಂದು ಪಟ್ಟಿಯಿಂದ ಹೆಸರು ಹೋದವರಿಗಲ್ಲದೆ ಇನ್ನಾರಿಗೆ ತಿಳಿದೀತು? ಇದು ನನ್ನ ಊಹೆ ಮಾತ್ರ, ಆದರೂ ಆ ಎರಡು ದಿನಗಳನ್ನು ಬೇರೆಬೇರೆಯಾಗಿ ನೋಡಲು ನನ್ನಿಂದಾಗದು.

ನಾಲ್ಕನೆಯ ಉತ್ತರ

ಮೇಲಿನವರು ಹೇಳಿದ ಮೇಲೆ ಉಳಿದಿರುವುದು ಸ್ವಲ್ಪ. ಅವರು ಬರಿಯ ಹಾಜರಿಯ ಆಟಗಾರನಾಗಿರಲಿಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. 2677 ಪಂದ್ಯಗಳಲ್ಲಿ 2543 ಹಿಟ್‌ಗಳು (ಹೊಡೆದು ಬೇಸ್ ಮುಟ್ಟಿದ್ದು), 504 ಹೋಮ್‌ರನ್‌ಗಳು (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ). ಜೊತೆಗಾರ ಕೋಜಿ ಯಾಮಾಮೊಟೊ ಅವರ 536ರೊಡನೆ ಇದನ್ನು ಕೂಡಿದರೆ, ಹಣವಿಲ್ಲದ ಒಂದು ತಂಡದ ಇಬ್ಬರೇ ಸಾವಿರಕ್ಕೂ ಮೀರಿ ಹೋಮ್‌ರನ್ ಹೊಡೆದಿದ್ದಾರೆ. ಇಷ್ಟು ಬಲವಾಗಿ ಹೊಡೆಯುವವರು ಸಾಮಾನ್ಯವಾಗಿ ಬೇಸ್ ಕದಿಯಲು, ಅಂದರೆ ಹೊಡೆತವಿಲ್ಲದೆಯೇ ಮುಂದಿನ ಬೇಸಿಗೆ ನುಗ್ಗಲು, ಓಡುವುದಿಲ್ಲ. ಕಿನುಗಾಸಾ 1976ರಲ್ಲಿ 31 ಬೇಸ್‌ಗಳನ್ನು ಕದ್ದು ಲೀಗಿಗೇ ಮೊದಲಿಗರಾದರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1984. ವೃತ್ತಿಗೆ ಬಂದು 20ನೆಯ ವರ್ಷ, ವಯಸ್ಸು 37. ಅಲ್ಲಿಯವರೆಗೆ ಒಮ್ಮೆಯೂ ಅವರ ಬ್ಯಾಟಿಂಗ್ ಸರಾಸರಿ 0.300, ಅಂದರೆ ಹತ್ತು ಅವಕಾಶಗಳಿಗೆ ಮೂರು ಹಿಟ್, ಮುಟ್ಟಿರಲಿಲ್ಲ. ಆ ವರ್ಷ 0.329, 31 ಹೋಮ್‌ರನ್, ಲೀಗಿನಲ್ಲೇ ಅತಿ ಹೆಚ್ಚು ಎನಿಸಿದ 102 ರನ್‌ಗಳ ಕೊಡುಗೆ, ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ, ಜೊತೆಗೆ ತಂಡಕ್ಕೆ ಮೂರನೆಯ ಜಪಾನ್ ಚಾಂಪಿಯನ್ ಪಟ್ಟ. ಪ್ರತಿದಿನ ಆಡುವುದರಿಂದ ತಂಡಕ್ಕೇನು ಎಂದು ಕೇಳಿದಿರಲ್ಲ. ವಿಶ್ರಾಂತಿಯ ಹೆಸರಿನಲ್ಲಿ ಹಿರಿಯರನ್ನು ಬದಿಗಿಡುವ ವಯಸ್ಸಿನಲ್ಲಿ ಅವರು ತಮ್ಮ ಅತ್ಯುತ್ತಮ ಋತುವನ್ನು ಆಡಿದರು.

1987ರಲ್ಲಿ ಗೆರಿಗ್ ಅವರ ಸಂಖ್ಯೆಯನ್ನು ದಾಟಿದಾಗ ಜಪಾನ್ ಸರ್ಕಾರ ಅವರಿಗೆ ಜನತಾ ಗೌರವ ಪ್ರಶಸ್ತಿ ನೀಡಿತು. ಬೇಸ್‌ಬಾಲಿನಲ್ಲಿ ಅವರಿಗಿಂತ ಮೊದಲು ಅದನ್ನು ಪಡೆದವರು ಸದಾಹರು ಓ ಒಬ್ಬರೇ. ಅವರ 3ನೆಯ ಸಂಖ್ಯೆಯ ಅಂಗಿಯನ್ನು ಕಾರ್ಪ್ ಇನ್ನಾರಿಗೂ ಕೊಡುವುದಿಲ್ಲ. ನಿವೃತ್ತಿಯ ನಂತರ ಅವರು ಯಾವ ತಂಡದ ಮ್ಯಾನೇಜರ್ ಆಗಲಿಲ್ಲ. ವೀಕ್ಷಕ ವಿವರಣೆಕಾರರಾಗಿ ಉಳಿದರು. 1996ರ ಜೂನ್‌ನಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಕ್ಯಾಲ್ ರಿಪ್ಕನ್ 2216ನೆಯ ಪಂದ್ಯ ಆಡಿದಾಗ, ತಮ್ಮ ದಾಖಲೆ ಮುರಿಯುವುದನ್ನು ನೋಡಲು ಕಿನುಗಾಸಾ ಅಷ್ಟು ದೂರ ಪ್ರಯಾಣ ಮಾಡಿ ಆ ಮೈದಾನದಲ್ಲಿದ್ದರು, ಕೈಕುಲುಕಿ ಅಭಿನಂದಿಸಿದರು. ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ 2018ರ ಏಪ್ರಿಲ್ 23ರಂದು, 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೆಲವೇ ದಿನಗಳ ಹಿಂದೆ, ಧ್ವನಿ ಕಟ್ಟಿಹೋಗಿದ್ದರೂ, ದೂರದರ್ಶನದಲ್ಲಿ ಒಂದು ಪಂದ್ಯದ ವಿವರಣೆ ನೀಡಿದ್ದರು.

ಜಪಾನಿನಲ್ಲಿ ಅವರ ನಂತರದ ಸ್ಥಾನ ಹಾನ್ಶಿನ್ ತಂಡದ ಇನ್‌ಫೀಲ್ಡರ್ ತಾಕಾಶಿ ತೊರಿತಾನಿ ಅವರದು. 2017ರ ಮೇ ತಿಂಗಳಲ್ಲಿ ಚೆಂಡಿನ ಏಟಿಗೆ ಮೂಗಿನ ಮೂಳೆ ಮುರಿದಾಗ ತೊರಿತಾನಿಯವರೂ ಮರುದಿನವೇ ಮುಖಕ್ಕೆ ರಕ್ಷಾಕವಚ ಕಟ್ಟಿಕೊಂಡು ಬದಲಿ ಬ್ಯಾಟರ್ ಆಗಿ ಬಂದರು. ಅವರ ಸರಣಿ ನಿಂತದ್ದು 2018ರ ಮೇ 29ರಂದು, ಕಿನುಗಾಸಾ ತೀರಿಕೊಂಡ ಐದು ವಾರಗಳ ಮೇಲೆ, 1939 ಪಂದ್ಯಗಳಿಗೆ. ಉಳಿದ ಅಂತರ 276. ಈಗಿನ 143 ಪಂದ್ಯಗಳ ಋತುವಿನಂತೆ ನೋಡಿದರೆ ಅದು ಎರಡು ವರ್ಷಗಳಿಗೆ ಹತ್ತೇ ಪಂದ್ಯ ಕಡಿಮೆ.